ಗೋಡೆ ಒರೆಸುವ ಸ್ನಾನ

ಹಿನಕಲ್‌ನ ನಮ್ಮ ಬಾಡಿಗೆ ಮನೆಗೆ ನಲ್ಲಿ ನೀರು ಬರದ ದಿನಗಳುಂಟು. ಬಾತ್‌ರೂಮಿನ ಬೂಷ್ಟು ಮಾತ್ರ ಗೈರುಹಾಜರಾದದ್ದಿಲ್ಲ. ಗೀಸರ್ ಹಿಂದಿನ ಮೂಲೆಯಲ್ಲಿ ಒಗ್ಗರಣೆ ಸಿಡಿದಂತೆ ಶುರುವಾಗಿ, ಆಷಾಢ ಕಳೆಯುವಷ್ಟರಲ್ಲಿ ಸೀಲಿಂಗ್ ಹಿಡಿದಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೆ ಟೈಲ್ಸ್ ಮೇಲಿನದು ಹೋಗುತ್ತದೆ. ಸಂದಿಯ ಗ್ರೌಟ್‌ಗೆ, ಗಾರೆಗೆ ಇಳಿದದ್ದು ಬಣ್ಣ ಬಿಟ್ಟು ಸುಮ್ಮನಿದ್ದು, ತೇವ ಸಿಕ್ಕಿದೊಡನೆ ಮತ್ತೆ ಹಾಜರ್. ಓನರ್ ಕಳಿಸಿದ ಪೇಂಟರ್ ಅದರ ಮೇಲೇ ಬಿಳಿ ಬಳಿದು ಹೋದ. ಬೂಷ್ಟು ಇನ್ನಷ್ಟು ಎದ್ದು ಕಂಡಿತು.

ಹೆಂಡತಿ ಬ್ಲೀಚಿಂಗ್ ಜೊತೆ ಆಸಿಡ್ಡೂ ಸುರಿಯಲು ಹೊರಟಾಗ ತಡೆದೆ. ಎರಡೂ ಸೇರಿದರೆ ಏಳುವುದು ಕ್ಲೋರಿನ್, 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಬಿಟ್ಟದ್ದೂ ಅದನ್ನೇ ಎಂದು ಸಣ್ಣ ಉಪನ್ಯಾಸ ಕೊಟ್ಟೆ. "ಅಷ್ಟೆಲ್ಲ ಗೊತ್ತಿದ್ರೆ ನೀವೇ ತಿಕ್ಕಿ" ಎಂದು ಬ್ರಷ್ ನನ್ನ ಕೈಗಿಟ್ಟಳು.

ತಿಕ್ಕುವುದಕ್ಕಿಂತ ಒಣಗಿಸುವುದೇ ಮದ್ದು ಎಂದು ಎಲ್ಲೋ ಓದಿ ವೈಪರ್ ತಂದೆ. ಅದರ ಉದ್ಘಾಟನೆಯ ದಿನವೇ ದಾವಣಗೆರೆಯ ಬೀಗರು ಬಂದಿದ್ದರು. ಸ್ನಾನ ಮುಗಿಸಿ, ಟವೆಲ್ ಸುತ್ತಿ, ಪ್ಲಾಸ್ಟಿಕ್ ಸ್ಟೂಲ್ ಹತ್ತಿದೆ. ಮೇಲೆ ಎಳೆದ ನೀರು ಕೆಳಗೆ ಒರೆಸಿದ್ದನ್ನು ಒದ್ದೆ ಮಾಡುತ್ತಿತ್ತು. ನಾಲ್ಕೂ ಗೋಡೆ, ನಲ್ಲಿಯ ಕುತ್ತಿಗೆ, ಸೋಪ್ ಡಬ್ಬಿಯ ತಳ, ಬಾಗಿಲಿನ ಹಿಂಬದಿ ಎಲ್ಲ ಒರೆಸುವಷ್ಟರಲ್ಲಿ ಮೈತುಂಬ ಬೆವರು. ಬೀಗರೆದುರು ಹೀಗೆ ಹೋಗುವುದುಂಟೆ? ಎರಡು ಚೊಂಬು ಸುರಿದುಕೊಂಡೆ. ಗೋಡೆ ಒದ್ದೆ. ಮತ್ತೆ ಸ್ಟೂಲ್. ಹೊರಗೆ ಬೀಗರ ಕೆಮ್ಮು. ಮೊದಲು ಸೌಜನ್ಯದ್ದು, ಆಮೇಲೆ ಅವಸರದ್ದು. "ಬಂದೆ, ಬಂದೆ" ಎಂದು ಜೋರಾಗಿ ಎಳೆದೆ, ಜೋರಾಗಿ ಬೆವೆತೆ. ಮತ್ತೆ ಚೊಂಬು. "ಒಳಗ ಏನ್ ಮಾಡಾಕತ್ತಾರ್ರೀ?" ಎಂಬ ಪ್ರಶ್ನೆ ಕೇಳಿಸಿತು. "ಗೋಡೆ ಒರೆಸ್ತಿದಾರೆ" ಎಂದಳು ಹೆಂಡತಿ. ಬೀಗರ ಕೆಮ್ಮು ನಿಂತೇ ಹೋಯಿತು. ನಾನು ಒಣಗಿದ ಗೋಡೆ, ಒಣಗಿದ ಮೈ ಎರಡನ್ನೂ ಏಕಕಾಲಕ್ಕೆ ಸಾಧಿಸಿ ಹೊರಬರುವಾಗ ಅವರು ಪಕ್ಕದ ಮನೆಗೆ ಹೋಗಿ ಹಗುರಾಗಿ ವಾಪಸಾಗುತ್ತಿದ್ದರು. "ಅವರ ಬಾತ್‌ರೂಮ್‌ನಾಗ ಗಾಳಿ ಚಲೋ ಆಡ್ತೈತ್ರಿ" ಎಂದರು.

ಆಡದೆ ಏನು? ಸೆಟ್‌ಬ್ಯಾಕ್ ಬಿಡದೆ ನಮ್ಮ ವೆಂಟಿಲೇಟರ್‌ಗೆ ಒತ್ತಿ ಗೋಡೆ ಎಬ್ಬಿಸಿದವರು ಅವರೇ. ಹಿನಕಲ್ ಗ್ರಾಮ ಪಂಚಾಯಿತಿ ದಾಟಿ ಹೂಟಗಳ್ಳಿ ನಗರಸಭೆಗೆ ಸೇರಿತು; ನಮ್ಮ ವೆಂಟಿಲೇಟರ್ ಅವರ ಗೋಡೆಗೆ ಸೇರಿತು. ಬಿಸಿನೀರಿನ ಆವಿ ಹೋಗುವುದಾದರೂ ಎಲ್ಲಿಗೆ?

ಇದನ್ನೆಲ್ಲ ನಗುತ್ತಾ ಹೇಳಬಹುದಿತ್ತು, ಚಿಕ್ಕವಳ ಎದೆ ರಾತ್ರಿ ಹೊತ್ತು ಸುಯ್ಯೆನ್ನದೆ ಇದ್ದಿದ್ದರೆ. ಅವಳಿಗೆ ಉಬ್ಬಸ. ಡಾಕ್ಟರು ಸ್ಟೆತೊಸ್ಕೋಪ್ ಇಳಿಸಿ ಮೊದಲು ಕೇಳಿದ್ದು, "ಮನೆಯಲ್ಲಿ ತೇವ ಇದೆಯಾ, ಬೂಷ್ಟು ಇದೆಯಾ?" ಕಣ್ಣಿಗೆ ಕಾಣದ ಅದರ ಬೀಜಕಣಗಳು ಉಸಿರಿನೊಡನೆ ಒಳಗೆ ಹೋದರೆ ಮೂಗು ಸೋರುವುದು, ಕೆಮ್ಮು, ಉಬ್ಬಸ ಕೆರಳುವುದು ಎಲ್ಲ ಉಂಟಂತೆ. ದಿಂಬಿಗೆ ಒರಗಿಸಿ ಕೂರಿಸಿ, ಇನ್‌ಹೇಲರ್ ಹಿಡಿದುಕೊಂಡು ಬೆಳಗು ಮಾಡಿದ ಮೇಲೆ ಆ ಮೂಲೆಯನ್ನು ನೋಡಿದರೆ ಮೈ ಉರಿಯುತ್ತದೆ.

ಓನರ್ ಬಾಡಿಗೆಗೆ ಬಂದಾಗ, ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯನ್ನೇ ಮುಂದಿಟ್ಟೆ.

"ಎಷ್ಟು ಬೂಷ್ಟಿದ್ರೆ ತೊಂದ್ರೆ ಅಂತ ಬರೆದಿದಾರೆ?"

"ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಕೊಟ್ಟಿಲ್ಲ, ಇರಲೇಬಾರದು ಅಂತಾರೆ. ಒಂದು ಎಕ್ಸಾಸ್ಟ್ ಫ್ಯಾನ್, ಟೆರೇಸಿಗೆ ಒಂದು ಪೈಪ್ ಹಾಕಿಸಿಕೊಡಿ ಸಾರ್."

ಅವರು ಬಾತ್‌ರೂಮಿಗೆ ಹೋಗಿ, ತಲೆಯೆತ್ತಿ, ಸೀಲಿಂಗನ್ನು ಬಹಳ ಹೊತ್ತು ನೋಡಿದರು. "ಎಷ್ಟು ಗಲೀಜು ಮಾಡಿಟ್ಟಿದೀರಿ! ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಒಂದು ತಿಂಗಳದಲ್ಲ, ಎರಡು ತಿಂಗಳದು ಮುರ್ಕೋತೀನಿ" ಎಂದರು.