ರ‍್ಯಾಕಿಗೂ ಉಸಿರು ಬೇಕು ಸ್ವಾಮಿ

ಆಯುಧಪೂಜೆಗೆಂದು ಸರ್ವರ್ ರೂಮಿನ ರ‍್ಯಾಕಿಗೆ ಚೆಂಡುಹೂವಿನ ಹಾರ ಹಾಕುವ ಭಕ್ತರೇ, ಕೊಂಚ ನಿಲ್ಲಿ. ಆ 19 ಇಂಚಿನ ಚೌಕಟ್ಟಿನಲ್ಲಿ ಕೂತ ಯಂತ್ರಗಳು ಬಹುತೇಕ ಮುಂದಿನಿಂದ ತಂಪುಗಾಳಿ ಎಳೆದು ಹಿಂದಿನಿಂದ ಬಿಸಿಗಾಳಿ ಬಿಡುತ್ತವೆ. ಮುಂದೆ ಹಾರ, ಹಿಂದೆ ಹಳೇ ರಟ್ಟಿನ ಡಬ್ಬ ಇಟ್ಟರೆ ದೇವರಿಗೂ ಸೆಕೆಯಾದೀತು! ಒಂದು ನೆಟ್‌ವರ್ಕ್ ಸ್ವಿಚ್ಚನ್ನು ಉಲ್ಟಾ ಕೂರಿಸಿದರಂತೂ ಪಕ್ಕದವರ ಬಿಸಿಯುಸಿರೇ ಅದಕ್ಕೆ ಗತಿ. ಖಾಲಿ ಜಾಗಕ್ಕೆ ತಗಡು ಮುಚ್ಚಿ ಎಂದರೆ, ‘ಗಾಳಿಯಾಡಲಿ ಬಿಡಿ ಸಾರ್’ ಅನ್ನುತ್ತಾರೆ. ಆಡುತ್ತದೆ, ಬಿಸಿಗಾಳಿ, ಹಿಂದಿನಿಂದ ಸುತ್ತಿಕೊಂಡು ಮತ್ತೆ ಮುಂದಕ್ಕೇ.

ಇನ್ನು ಸ್ಟ್ಯಾಟಿಕ್ ಕರೆಂಟು. ಮಡಿಯಲ್ಲಿದ್ದೇನೆಂದು ರೇಷ್ಮೆ ಪಂಚೆಯುಟ್ಟು ಯಂತ್ರದೊಳಗಿನ ಕಾರ್ಡು ಮುಟ್ಟಬೇಡಿ. ನಮಗೆ ಚಟ್ ಎಂದು ತಿಳಿಯಲು ಸುಮಾರು 3000 ವೋಲ್ಟ್ ಬೇಕು. ಸೂಕ್ಷ್ಮ ಚಿಪ್ಪು 100ಕ್ಕೂ ಕೆಳಗೇ ಕೈಲಾಸ ಸೇರೀತು. ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ, ಕ್ಲಿಪ್ಪನ್ನು ರ‍್ಯಾಕಿನಲ್ಲಿ ಬಣ್ಣ ಬಳಿಯದ ಲೋಹಕ್ಕೇ ಕಚ್ಚಿಸಿ.