ವಿಧಾನ ನಿರ್ಣಯ ಪ್ರಸಂಗ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಅರಳಿಕಟ್ಟೆಯ ಮೇಲೆ, ವಾರವೆಲ್ಲ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಉದ್ಯೋಗಿಯಾಗಿಯೂ ಭಾನುವಾರ ಮಾತ್ರ ಮನುಷ್ಯನಾಗಿಯೂ ಇರುವ ಅಳಿಯನು, ರಾಗಿಯ ಬೇಸಾಯದಲ್ಲಿ ನಿಷ್ಣಾತನಾದ ತನ್ನ ಸೋದರಮಾವನೊಡನೆ ಕುಳಿತು, ಕಾರ್ಯನಿರ್ವಹಣಾ ವಿಧಾನವೆಂಬ ಗಹನವಿಷಯವನ್ನು ಪ್ರಸ್ತಾಪಿಸಿದನು.

“ಮೊದಲು ನಮ್ಮದು ವಾಟರ್‌ಫಾಲ್ ಮತ, ಮಾವ. ಬೇಕಾದುದನ್ನೆಲ್ಲ ಬರೆದು, ಅನಂತರ ರೂಪಿಸಿ, ಕಟ್ಟಿ, ಕಟ್ಟಕಡೆಗೆ ಪರೀಕ್ಷಿಸುವುದು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬವರು ಅದರ ಚಿತ್ರ ಬರೆದರು.”

“ಒಳ್ಳೆಯದೆಂದರೋ?”

“ಹೀಗೆಯೇ ಮಾಡಿದರೆ ಅಪಾಯವೆಂದರು. ಲೋಕವು ಚಿತ್ರವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಟ್ಟಿತು.”

(ಚಿತ್ರದ ಕೆಳಗಿನ ಸಾಲನ್ನು ಓದದಿರುವುದು ಪಂಡಿತರ ಸನಾತನ ಲಕ್ಷಣವಷ್ಟೆ.)

“ಈಗೇನಪ್ಪ?”

“2001ರಲ್ಲಿ ಅಮೆರಿಕದ ಯೂಟಾದಲ್ಲಿ, ಹಿಮಗಿರಿಯ ವಿಹಾರಧಾಮವೊಂದರಲ್ಲಿ 17 ಮಂದಿ ಸೇರಿ ಅಜೈಲ್ ಎಂಬ ವಿಧಾನದ ಘೋಷಣೆಯನ್ನು ಹೊರಡಿಸಿದರು. ಆ ಸಂಪ್ರದಾಯದ ಸ್ಕ್ರಮ್ ಎಂಬ ಶಾಖೆ ನಮ್ಮದು. ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕೆಲಸದ ಕಂತು, ದಿನವೂ 15 ನಿಮಿಷ ನಿಂತು ಸಭೆ.”

“ನಿಲ್ಲುವುದೇಕೆ?”

“ಬೇಗ ಮುಗಿಯಲೆಂದು.”

“ಮುಗಿಯುವುದೋ?”

“ಒಂದು ಗಂಟೆಯಾಗುತ್ತದೆ. ಕಾಲು ನೋಯುವುದರಿಂದ ಈಚೆಗೆ ಕುರ್ಚಿ ತರಿಸಿದ್ದಾರೆ. ಬದಲಾವಣೆಗೆ ನಮ್ಮಲ್ಲಿ ಸದಾ ಸ್ವಾಗತ. ದಿನಾಂಕ, ವೆಚ್ಚ, ಕೆಲಸ ಈ ಮೂರು ಮಾತ್ರ ಒಪ್ಪಂದದಲ್ಲಿ ಮೊದಲೇ ನಿಶ್ಚಿತ.”

“ಮಳೆ ಯಾವಾಗ ಬಂದರೂ ಸರಿಯೆ, ರಾಗಿ ಮಾತ್ರ ದೀಪಾವಳಿಯ ಮರುದಿನ ಕಣ ಸೇರಲೇಬೇಕೆಂದಂತೆ! ತಕ್ಕ ವಿಧಾನವನ್ನು ನೀವೇ ಆರಿಸಿಕೊಳ್ಳಬಾರದೆ?”

“ಆಯ್ಕೆಗೆ ಸಮಿತಿಯಾಗಿದೆ. ಆ ಸಮಿತಿಯು ಯಾವ ವಿಧಾನದಿಂದ ಕೆಲಸ ಮಾಡತಕ್ಕದ್ದೆಂಬುದನ್ನು ನಿರ್ಣಯಿಸಲು ನಾಳೆ ಸಭೆ.”

“ನಿಂತೋ, ಕುಳಿತೋ?”

“ಅದಕ್ಕೊಂದು ಉಪಸಮಿತಿಯಿದೆ, ಮಾವ.”