ಐಚ್ಛಿಕ ಇಂಗ್ಲಿಷ್ ವಿದ್ಯಾರ್ಥಿಯ ಅಂತಿಮ ಗತಿ: ಒಂದು ಶಾಸ್ತ್ರೀಯ ವಿಚಾರಣೆ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಓದುವವರು ಎರಡು ವರ್ಗ. ತಪ್ಪಿಸಿಕೊಳ್ಳಲಾಗದೆ ಓದುವವರು ಮೊದಲನೆಯವರು. ಭಾಷಾ ಪತ್ರಿಕೆ ಎಂಬ ಹೆಸರಿನಲ್ಲಿ ಎಲ್ಲರ ಎಲೆಗೂ ಬೀಳುವುದು ಇವರ ಎಲೆಗೂ ಬೀಳುತ್ತದೆ. ಬಿದ್ದದ್ದನ್ನು ಉಂಡು ಮುಗಿಸಿ, ಯಾರೂ ಒತ್ತಾಯ ಮಾಡದಿದ್ದರೂ ಇನ್ನೊಂದು ಸಲ ಕೇಳಿ ಬಡಿಸಿಕೊಳ್ಳುವವರು ಎರಡನೆಯವರು. ಇವರನ್ನು ‘ಆಪ್ಷನಲ್ ಇಂಗ್ಲಿಷಿನವರು’ ಎಂದು ಕರೆಯುವುದು ರೂಢಿ. ಮೊದಲನೆಯ ವರ್ಗದ ಬಗ್ಗೆ ಆಯೋಗಗಳು, ವರದಿಗಳು, ಊಟ ಸಹಿತ ವಿಚಾರ ಸಂಕಿರಣಗಳು ಹೇರಳವಾಗಿ ನಡೆದಿವೆ. ಎರಡನೆಯ ವರ್ಗ ಏಕೆ ಹುಟ್ಟುತ್ತದೆ, ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ ಎಂಬುದನ್ನು ಯಾರೂ ಕ್ರಮವಾಗಿ ವಿಚಾರಿಸಿದಂತಿಲ್ಲ. ಆ ಭಾರ ಈಗ ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ. ಹೊರಿಸಿದವರು ಯಾರೂ ಇಲ್ಲ.

ನಮ್ಮ ಪ್ರಮೇಯ ಇಷ್ಟು: ಐಚ್ಛಿಕ ಇಂಗ್ಲಿಷ್ ಎಂಬುದು ಕನ್ನಡ ಸಾಹಿತ್ಯವನ್ನು ಉತ್ಪಾದಿಸುವುದಕ್ಕಾಗಿ ಏರ್ಪಟ್ಟ ಒಂದು ಸುತ್ತುದಾರಿ.

ಮೊದಲು ಉಗಮ. ಇಂಗ್ಲಿಷ್ ಸಾಹಿತ್ಯವೆಂಬ ವಿಷಯ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೇರೂರಿ, ಆಮೇಲೆ ಹಡಗು ಹತ್ತಿ ಇಲ್ಲಿಗೆ ಬಂತೆಂದು ಪಾಮರರ ನಂಬಿಕೆ. ಗೌರಿ ವಿಶ್ವನಾಥನ್ ಅವರು 1989ರಲ್ಲಿ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಎಂಬ ಪುಸ್ತಕದಲ್ಲಿ ಈ ನಂಬಿಕೆಯ ಬುಡ ಅಲ್ಲಾಡಿಸಿದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷಿಗೆ ಪ್ರತ್ಯೇಕ ಆನರ್ಸ್ ವ್ಯವಸ್ಥೆಯಾದದ್ದು 1894ರಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಕಲ್ಕತ್ತೆಯ ಹಿಂದೂ ಕಾಲೇಜಿನ ಹುಡುಗರಾದರೋ 1830ರ ದಶಕದಲ್ಲೇ ಶೇಕ್ಸ್‌ಪಿಯರನನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಆಕ್ಸ್‌ಫರ್ಡಿನಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿದ್ದ ಇ.ಎ. ಫ್ರೀಮನ್ 1887ರಲ್ಲಿ ಈ ವಿಷಯ ಬೇಡವೇ ಬೇಡ ಎಂದು ಹಟ ಹಿಡಿದಿದ್ದ. ಅಭಿರುಚಿಯನ್ನು ಪರೀಕ್ಷೆ ಮಾಡುವುದು ಹೇಗೆ ಎಂಬುದು ಅವನ ಆತಂಕ. ಪಾಪ, ನಮ್ಮ ಮೌಲ್ಯಮಾಪನ ಕೇಂದ್ರಗಳನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಐದು ಅಂಕದ ಅಭಿರುಚಿ ಮುಕ್ಕಾಲು ಪುಟ ಇರಬೇಕು. ಪುಟ ದಾಟಿ ಹಿಂಬದಿಗೂ ಹರಿದರೆ ಅದು ಹತ್ತು ಅಂಕದ ಅಭಿರುಚಿ. ಅಡಿಗೆರೆ ಎಳೆದಿದ್ದರೆ ಇನ್ನೂ ಅರ್ಧ ಅಂಕ.

ಇನ್ನು ಬೋಧನೆ. ಐಚ್ಛಿಕ ಇಂಗ್ಲಿಷಿನ ಬೋಧನಾ ಮಾಧ್ಯಮ ಇಂಗ್ಲಿಷ್ ಎಂದು ಕಾಗದದಲ್ಲಿದೆ. ಲೇಖಕ ಕಾರಿಡಾರಿನಲ್ಲಿ ನಿಂತು ಸಂಗ್ರಹಿಸಿದ ಸಾಕ್ಷ್ಯ ಬೇರೆಯೇ ಹೇಳುತ್ತದೆ. ಧಾರವಾಡದ ಕಡೆ ಲೇಡಿ ಮ್ಯಾಕ್‌ಬೆತ್ ಪ್ರವೇಶಿಸುವುದು ಹೀಗೆ: “ಅಕಿ ಗಂಡಗ ಏನಂತಾಳ ಗೊತ್ತೈತೇನು? ನೀ ಗಂಡಸು ಹೌದೋ ಅಲ್ಲೋ ಅಂತ ಮಾರಿ ಮ್ಯಾಲೇ ಕೇಳತಾಳ!” ಮಂಡ್ಯದ ಕಡೆ ಅದೇ ಹೆಂಗಸು ಕೊನೆಯ ಅಂಕದಲ್ಲಿ “ಎಷ್ಟ್ ತೊಳುದ್ರೂ ಹೋಗ್ತಿಲ್ಲ ಕಣ್ರೋ, ಕೈಯೆಲ್ಲಾ ರಕ್ತ” ಎಂದು ನಿದ್ದೆಗಣ್ಣಿನಲ್ಲಿ ಓಡಾಡುತ್ತಾಳೆ. ಮಂಗಳೂರಿನಲ್ಲಿ “ಮೂರು ಮಾಟಗಾತಿಯರು ಉಂಟಲ್ಲ ಮಾರಾಯ್ರೇ, ಅವರು ಎಲ್ಲ ಮೊದಲೇ ಹೇಳಿಯಾಗಿದೆ.” ಈ ಮೂರೂ ಪಾಠಗಳಲ್ಲಿ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಮೇಷ್ಟರು ಪುಸ್ತಕ ತೆರೆದು ಮೂಲ ಓದಲು ತೊಡಗಿದೊಡನೆ ಮೂರೂ ಕಡೆ ಕೊನೆಯ ಬೆಂಚಿನಲ್ಲಿ ಮೊಬೈಲು ಹೊರಬಂತು.

ಇದರಿಂದ ಹೊರಡುವ ನಿಗಮನ ಸರಳ. ಮ್ಯಾಕ್‌ಬೆತ್ ಮೂಲತಃ ಕನ್ನಡ ನಾಟಕ. ಎಂ.ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಲ್ಲಿ ಇದೇ ಕಥೆ ನಮ್ಮ ಸೀಮೆಯ ರಾಜರ ಹೆಸರಿನಲ್ಲಿ ನಿರಾತಂಕವಾಗಿ ನಡೆಯುತ್ತದೆ. ಒಥೆಲೊ ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ‘ಶೂರಸೇನ ಚರಿತ್ರೆ’ಯಾಗಿದ್ದಾನೆ. ಹ್ಯಾಮ್ಲೆಟ್ಟನ್ನು ‘ರಕ್ತಾಕ್ಷಿ’ಯಾಗಿಯೂ ಟೆಂಪೆಸ್ಟನ್ನು ‘ಬಿರುಗಾಳಿ’ಯಾಗಿಯೂ ಕುವೆಂಪು ಬರೆದಿದ್ದಾರೆ. ಶ್ರೀಕಂಠೇಶಗೌಡರ ಪ್ರತಾಪರುದ್ರನನ್ನು ಶೇಕ್ಸ್‌ಪಿಯರನೇ ಸ್ಕಾಟ್ಲೆಂಡಿಗೆ ವರ್ಗ ಮಾಡಿಕೊಂಡಿರಬೇಕು ಎಂಬ ಇನ್ನೂ ಆಕರ್ಷಕವಾದ ವಾದವನ್ನು ಲೇಖಕ ಕೈಬಿಟ್ಟಿರುವುದು ಕಾಲಾನುಕ್ರಮದ ಸಣ್ಣ ತೊಡಕಿನಿಂದ ಮಾತ್ರ.

ತರಗತಿಯಿಂದ ಪರೀಕ್ಷೆಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ಸಿಗುವ ಗೈಡನ್ನು ಕೀಳಾಗಿ ಕಾಣುವವರಿಗೆ ಪರಂಪರೆಯ ಜ್ಞಾನವಿಲ್ಲ. ಕಾಳಿದಾಸನ ಕಾವ್ಯಗಳಿಗೆ ಸಂಜೀವಿನಿ ಎಂಬ ವ್ಯಾಖ್ಯಾನ ಬರೆದ ಮಲ್ಲಿನಾಥ ನಮ್ಮ ಗೈಡುಕರ್ತರ ಕುಲಪುರುಷ. ಮೂಲ ಓದದೆ ಮಲ್ಲಿನಾಥನನ್ನಷ್ಟೇ ಓದಿ ಪಂಡಿತರಾದವರು ಎಷ್ಟು ಮಂದಿಯೋ. ಅವರಿಗೆಲ್ಲ ಶಾಲು ಸಂದಿದೆ. ಪಶ್ಚಿಮದಲ್ಲಿ ಈ ಪಂಥವನ್ನು ಎತ್ತಿ ಹಿಡಿದವನು ಟಿ.ಎಸ್. ಎಲಿಯಟ್. 1922ರಲ್ಲಿ ‘ದಿ ವೇಸ್ಟ್ ಲ್ಯಾಂಡ್’ ಪುಸ್ತಕವಾಗುವಾಗ ಕವಿತೆ ತೀರ ತೆಳ್ಳಗಾಯಿತೆಂದು ತನ್ನ ಕವಿತೆಗೆ ತಾನೇ ಟಿಪ್ಪಣಿ ಬರೆದು ಸೇರಿಸಿದ. ಕವಿಯೇ ಗೈಡು ಬರೆದ ಮೇಲೆ ವಿದ್ಯಾರ್ಥಿ ಗೈಡು ಓದಿದರೆ ತಪ್ಪೇನು?

ಇಲ್ಲಿಯೇ ಲೇಖಕ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುತ್ತಾನೆ. ಎಲಿಯಟ್ ಹಾರ್ವರ್ಡಿನಲ್ಲಿ ಸಂಸ್ಕೃತ ಕಲಿತವನು. ಆ ಕವಿತೆಯ ಕೊನೆಗೆ ಬೃಹದಾರಣ್ಯಕ ಉಪನಿಷತ್ತಿನ ಗುಡುಗು, ಅದರ ಮೇಲೆ ಶಾಂತಿಮಂತ್ರ. ಉಡುಪಿ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಮೂರು ಸಲ ಶಾಂತಿ ಹೇಳುವುದನ್ನು ಅವನು ಅಜ್ಜನ ಬಾಯಲ್ಲಿ ಹುಟ್ಟಿದಂದಿನಿಂದ ಕೇಳಿದ್ದಾನೆ, ಅದು ಮುಗಿದರೆ ಊಟಕ್ಕೆ ಕೂರಬಹುದು ಎಂಬುದು ಅವನಿಗೆ ಗೊತ್ತಿರುವ ತಾತ್ಪರ್ಯ. ಅದೇ ಹುಡುಗ ಅಮೆರಿಕದಲ್ಲಿ ಹುಟ್ಟಿದವನೊಬ್ಬ ಲಂಡನ್ನಿನಲ್ಲಿ ಬರೆದ ಟಿಪ್ಪಣಿಗೆ ಎಲ್ಲಿಯವರೋ ಬರೆದ ಗೈಡಿನ ಮೂಲಕ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಉರು ಹೊಡೆಯುತ್ತಾನೆ. ಪರೀಕ್ಷೆಯಲ್ಲಿ ಅಜ್ಜನ ತಾತ್ಪರ್ಯ ಬರೆದರೆ ಸೊನ್ನೆ. ಇದು ನ್ಯಾಯವೇ. ಅಜ್ಜ ಆಕರಗ್ರಂಥಗಳ ಪಟ್ಟಿಯಲ್ಲಿಲ್ಲ.

ಈಗ ಪ್ರಬಂಧದ ಹೃದಯಭಾಗವಾದ ಲೆಕ್ಕಪರಿಶೋಧನೆ. ಇಂಗ್ಲಿಷ್ ಬಾಬ್ತಿಗೆ ಬಿಡುಗಡೆಯಾದ ವಿದ್ಯೆಯನ್ನು ಫಲಾನುಭವಿಗಳು ಎಲ್ಲಿ ಖರ್ಚು ಮಾಡಿದರು ಎಂದು ತೆಗೆದು ನೋಡಿದಾಗ ಆಕ್ಷೇಪಣೆಗಳ ಸರಮಾಲೆಯೇ ಹೊರಬಿತ್ತು.

ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಸಂಬಳ ತೆಗೆದುಕೊಂಡದ್ದು ಇಂಗ್ಲಿಷ್ ಪಾಠ ಮಾಡಲು. 1911ರಲ್ಲಿ ಧಾರವಾಡದ ವೇದಿಕೆಯಲ್ಲಿ ಅವರು ಮಾತಾಡಿದ್ದು ಕನ್ನಡ ಮಾತು ತಲೆಯೆತ್ತುವ ಬಗೆಯ ಮೇಲೆ. 1926ರ ಅವರ ಪುಸ್ತಕದ ಹೆಸರು ‘ಇಂಗ್ಲಿಷ್ ಗೀತಗಳು’. ಹೆಸರು ಕಂಡು ಲೆಕ್ಕಪರಿಶೋಧಕ ಸಮಾಧಾನದಿಂದ ತೆರೆದರೆ ಒಳಗಿರುವುದೆಲ್ಲ ಕನ್ನಡ. ಮಾಸ್ತಿಯವರು 1914ರಲ್ಲಿ ಮದರಾಸಿನಿಂದ ಇಂಗ್ಲಿಷ್ ಎಂ.ಎ. ಪಡೆದು, ಆ ಪದವಿಯ ಬಲದಿಂದ ಕನ್ನಡ ಸಣ್ಣಕತೆಗೆ ತಳಪಾಯ ಹಾಕಿದರು. ಅಡಿಗರು, ಲಂಕೇಶರು, ಶಾಂತಿನಾಥ ದೇಸಾಯಿ, ಕೀರ್ತಿನಾಥ ಕುರ್ತಕೋಟಿ ಇವರೆಲ್ಲ ಇಂಗ್ಲಿಷ್ ಮೇಷ್ಟರು. ಇವರು ಮಾಡಿದ್ದೇನೆಂದು ಕನ್ನಡ ವಿಭಾಗದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ, ಏಕೆಂದರೆ ಪರೀಕ್ಷೆಗೆ ಅವನು ಓದಬೇಕಾದದ್ದು ಇವರನ್ನೇ.

ಅನಂತಮೂರ್ತಿಯವರ ಪ್ರಕರಣ ಇನ್ನೂ ಸ್ಪಷ್ಟ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಇಂಗ್ಲಿಷ್ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮ್‌ಗೆ ಹೋದರು. 1966ರಲ್ಲಿ ಡಾಕ್ಟರೇಟ್ ಬಂತು, ಅದು ಸರಿ. ಆದರೆ ಬರ್ಮಿಂಗ್‌ಹ್ಯಾಮ್‌ನ ಅದೇ ಮೇಜಿನ ಮೇಲೆ ‘ಸಂಸ್ಕಾರ’ ಕೂಡ ತಯಾರಾಯಿತು. ಬ್ರಿಟಿಷ್ ತೆರಿಗೆದಾರರ ಹಣದಲ್ಲಿ ದೂರ್ವಾಸಪುರದ ಅಗ್ರಹಾರ ಎದ್ದು ನಿಂತ ಈ ವಿಷಯ ಅಲ್ಲಿನ ಸಂಸತ್ತಿನಲ್ಲಿ ಇಂದಿಗೂ ಪ್ರಸ್ತಾಪವಾಗಿಲ್ಲ.

ಎ.ಕೆ. ರಾಮಾನುಜನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1949ರಲ್ಲಿ ಇಂಗ್ಲಿಷ್ ಆನರ್ಸ್ ಮುಗಿಸಿದರು. ಆ ಆನರ್ಸ್ ಅವರನ್ನು ಷಿಕಾಗೋವರೆಗೆ ಕರೆದೊಯ್ದಿತು. ಅಲ್ಲಿ ಅವರು ಪಾಠ ಹೇಳಿದ್ದು ದ್ರಾವಿಡ ಭಾಷೆಗಳನ್ನು. 1973ರಲ್ಲಿ ಇಂಗ್ಲಿಷಿಗೆ ತಂದದ್ದು ವಚನಗಳನ್ನು, 1976ರಲ್ಲಿ ಮೇಲೆ ಹೇಳಿದ ಅದೇ ‘ಸಂಸ್ಕಾರ’ವನ್ನು. ಹೀಗೆ ಒಬ್ಬ ಇಂಗ್ಲಿಷ್‌ನವರು ಇಂಗ್ಲೆಂಡಿನಲ್ಲಿ ಕೂತು ಕನ್ನಡದಲ್ಲಿ ಬರೆದದ್ದನ್ನು ಇನ್ನೊಬ್ಬ ಇಂಗ್ಲಿಷ್‌ನವರು ಅಮೆರಿಕದಲ್ಲಿ ಕೂತು ಇಂಗ್ಲಿಷಿಗೆ ತಂದರು. ಈಗ ಅದು ನಮ್ಮ ಐಚ್ಛಿಕ ಇಂಗ್ಲಿಷ್ ವಿದ್ಯಾರ್ಥಿಗೆ ಭಾರತೀಯ ಸಾಹಿತ್ಯದ ಪತ್ರಿಕೆಯಲ್ಲಿ ಸಿಗುತ್ತದೆ. ಶಿವಮೊಗ್ಗದ ಹುಡುಗಿಯೊಬ್ಬಳು ಪ್ರಾಣೇಶಾಚಾರ್ಯರನ್ನು ಇಂಗ್ಲಿಷಿನಲ್ಲಿ ಓದಿ, ಮೇಷ್ಟರ ಬಾಯಲ್ಲಿ ಕನ್ನಡದಲ್ಲಿ ಕೇಳಿ, ಮತ್ತೆ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಾಳೆ. ಆಚಾರ್ಯರು ಕಾದಂಬರಿಯಲ್ಲೂ ಇಷ್ಟು ಅಲೆದಿರಲಿಲ್ಲ.

ವಿ.ಕೃ. ಗೋಕಾಕರ ಕಡತವನ್ನು ಲೇಖಕ ಕೊನೆಗೆ ಇಟ್ಟುಕೊಂಡಿದ್ದಾನೆ. ಆಕ್ಸ್‌ಫರ್ಡಿನಲ್ಲಿ ಓದಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಗಳ ಭಾಷಾನೀತಿಗೆ ಸಮಿತಿ ಮಾಡಿದಾಗ ಅದರ ಅಧ್ಯಕ್ಷರಾದದ್ದೂ ಇವರೇ. ಇಂಥವರು ಕನ್ನಡವೇ ಪ್ರಥಮ ಭಾಷೆ ಆಗಬೇಕೆಂದು ವರದಿ ಕೊಟ್ಟರು. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದರು, ಹಿಂದೆ ನಾಡೇ ಇಳಿಯಿತು. ಇಂಗ್ಲಿಷ್ ಮೇಷ್ಟರೊಬ್ಬರ ವರದಿ ಜಾರಿಯಾಗಲಿ ಎಂದು ಕನ್ನಡಿಗರು ಬಸ್ಸು ನಿಲ್ಲಿಸಿದ ಇನ್ನೊಂದು ಸಂದರ್ಭ ಇತಿಹಾಸದಲ್ಲಿಲ್ಲ.

ಸಂಖ್ಯಾಶಾಸ್ತ್ರ ಕೇಳುವವರಿಗೂ ನಿರಾಶೆಯಿಲ್ಲ. ಕನ್ನಡಕ್ಕೆ ಬಂದ ಜ್ಞಾನಪೀಠ 8. ಅದರಲ್ಲಿ ಮಾಸ್ತಿ, ಗೋಕಾಕ್, ಅನಂತಮೂರ್ತಿ ಮೂವರೂ ನಮ್ಮವರು. ಅಂದರೆ ಶೇಕಡ 37.5. ಕುವೆಂಪು ಕನ್ನಡ ಎಂ.ಎ. ಅಲ್ಲವೇ ಎಂದು ಪೂರ್ವಪಕ್ಷದವರು ಎದ್ದು ನಿಲ್ಲಬಹುದು. ಅವರ ಮೊದಲ ಪುಸ್ತಕ 1922ರ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷ್ ಕವಿತೆಗಳದು. ಕನ್ನಡದಲ್ಲಿ ಬರೆಯಿರಿ ಎಂದು ಅವರಿಗೆ ಹೇಳಿದ್ದು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. ಆ ಬುದ್ಧಿ ಹೇಳಲೂ ಇಂಗ್ಲಿಷೇ ಬೇಕಾಯಿತು. ಕಾರ್ನಾಡರು ಗಣಿತ ಓದಿದವರು, ಆದರೆ ಇಂಗ್ಲಿಷ್ ಕವಿಯಾಗುವ ಕನಸು ಹೊತ್ತು ಆಕ್ಸ್‌ಫರ್ಡಿಗೆ ಹೊರಟವರು. ಹೊರಡುವ ಮೊದಲೇ ‘ಯಯಾತಿ’ ಕನ್ನಡದಲ್ಲಿ ಬಂದುಬಿಟ್ಟಿತು. ಸೋಂಕು ಗಣಿತಕ್ಕೂ ತಗಲಿತ್ತು ಎನ್ನಬೇಕು. ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಕಾಲೇಜನ್ನೇ ಬಿಟ್ಟವರಾದ್ದರಿಂದ ಮೇಜರೂ ಇಲ್ಲ, ಮೈನರೂ ಇಲ್ಲ. ಅವರನ್ನು ಯಾವ ಕೋಷ್ಟಕದಲ್ಲೂ ಕೂರಿಸಲಾಗಲಿಲ್ಲ. ಬದುಕಿದ್ದಾಗಲೂ ಯಾರಿಗೂ ಆಗಿರಲಿಲ್ಲ.

ಲೆಕ್ಕದಲ್ಲಿ ಇಷ್ಟೂ ಗಂಡಸರೇ ಎಂಬುದು ಲೇಖಕನ ಕಣ್ಣಿಗೂ ಬಿದ್ದಿದೆ. ಈಗ ತರಗತಿಗೆ ಹೋದರೆ ಬೆಂಚು ತುಂಬ ಹುಡುಗಿಯರು. ಇವರ ಕಡೆಯಿಂದ ಸಂಚಾರ ಎದುರು ದಿಕ್ಕಿಗೂ ಶುರುವಾಗಿದೆ. ಇಂಗ್ಲಿಷ್ ಪ್ರಾಧ್ಯಾಪಕಿ ವನಮಾಲಾ ವಿಶ್ವನಾಥ ರಾಘವಾಂಕನ ಹರಿಶ್ಚಂದ್ರನನ್ನು 2017ರಲ್ಲಿ ಇಂಗ್ಲಿಷಿಗೆ ಕರೆದೊಯ್ದರು. ತೇಜಸ್ವಿನಿ ನಿರಂಜನ ಅನುವಾದಿಸಿದ ಜಯಂತ ಕಾಯ್ಕಿಣಿಯವರ ಕತೆಗಳಿಗೆ 2018ರ ಡಿಎಸ್‌ಸಿ ಬಹುಮಾನ ಬಂತು. ಬೊಕ್ಕಸಕ್ಕೆ ಹಣ ವಾಪಸು ಕಟ್ಟಿದಂತೆ ಎಂದು ಇದನ್ನು ಮನ್ನಿಸಬಹುದಾದರೂ, ವಾಪಸಾದ ಸರಕು ಕನ್ನಡದ್ದೇ ಎಂಬ ಆಕ್ಷೇಪಣೆ ಉಳಿಯುತ್ತದೆ.

ಐಚ್ಛಿಕ ಇಂಗ್ಲಿಷ್ ಈಚೆಗೆ ತಾಳಿದ ಮೈನರ್ ಮತ್ತು ಆನರ್ಸ್ ರೂಪಗಳ ಬಗ್ಗೆ ಎರಡೇ ಮಾತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ತಂದು ಕರ್ನಾಟಕ ಬೀಗಿತು. ಎರಡು ವಿಷಯಗಳನ್ನು ಸಮನಾಗಿ ಓದಿ, ಮೂರನೆಯ ವರ್ಷ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳುವುದು, ನಾಲ್ಕನೆಯ ವರ್ಷವೂ ಕೂತರೆ ಆನರ್ಸ್. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಒಂದು ಜೀವಪ್ರಭೇದ ಹುಟ್ಟಿ, ಅದಕ್ಕೆ ಹೆಸರಿಟ್ಟು, ಅಳಿವಿನಂಚಿಗೆ ಸೇರಿಸಲು ಇಷ್ಟು ಕಡಿಮೆ ಅವಧಿ ಸಾಕೆಂದು ಡಾರ್ವಿನ್ನನಿಗೂ ಹೊಳೆದಿರಲಿಲ್ಲ.

ಉಪಯುಕ್ತತೆಯ ಪ್ರಶ್ನೆ ಎತ್ತುವವರು ಊರಿನಲ್ಲಿದ್ದಾರೆ. ಮೂರನೆಯ ವರ್ಷದ ಐಚ್ಛಿಕ ಇಂಗ್ಲಿಷಿನ ಹುಡುಗಿ ರಜೆಗೆ ಬಂದ ಸುದ್ದಿ ಹಬ್ಬಿದೊಡನೆ ದೊಡ್ಡಪ್ಪ ಔಷಧಿಯ ಪೊಟ್ಟಣ ಹಿಡಿದು ಜಗಲಿಗೆ ಬರುತ್ತಾರೆ. “ಅಲ್ಲ ಕಣವ್ವ, ಮೂರ್ ವರ್ಷದಿಂದ ಇಂಗ್ಲಿಷೇ ಓದ್ತಾ ಇವ್ನಿ ಅಂತೀಯ. ಈ ಮಾತ್ರೆ ಊಟಕ್ ಮುಂಚೆಯೋ ಆಮೇಲೋ, ಅದೊಂದ್ ಹೇಳು ನೋಡವಾ.” ಅವರ ಹಿಂದೆ ಟ್ರ್ಯಾಕ್ಟರಿನ ಆರ್‌ಸಿ ಹಿಡಿದ ಸೋದರಮಾವ ನಿಂತಿದ್ದಾರೆ, ಅದರಲ್ಲಿ ಹೈಪಾಥಿಕೇಷನ್ ಎಂದಿದೆ, ಅದರಿಂದ ಟ್ರ್ಯಾಕ್ಟರು ತಮ್ಮದೋ ಬ್ಯಾಂಕಿನದೋ ಎಂದು ತಿಳಿಯಬೇಕಿದೆ. ಆಕೆ ಹ್ಯಾಮ್ಲೆಟ್ಟನ ತಡವರಿಕೆಗೆ ನಾಲ್ಕು ಕಾರಣ ಬಲ್ಲಳು. ಟ್ರ್ಯಾಕ್ಟರಿನ ವಿಷಯದಲ್ಲಿ ತಾನೇ ತಡವರಿಸುತ್ತಾಳೆ. ಈ ಅಪಮಾನದ ರಾತ್ರಿಯೇ ಅವಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ದೊಡ್ಡಪ್ಪನ ಬಗ್ಗೆ ಏನೋ ಗೀಚುತ್ತಾಳೆಂದೂ, ಅದು ಕನ್ನಡದಲ್ಲಿರುತ್ತದೆಂದೂ ನಮ್ಮ ಪ್ರಮೇಯ ನಿರೀಕ್ಷಿಸುತ್ತದೆ.

ಇಷ್ಟು ಮಹತ್ವದ ಸಂಶೋಧನೆ ಇಂಗ್ಲಿಷಿನಲ್ಲಿ ಬಂದು ಆಕ್ಸ್‌ಫರ್ಡನ್ನು ಮುಟ್ಟಬೇಕೆಂದು ಹಿತೈಷಿಗಳ ಒತ್ತಾಯ. ಅನುವಾದಕ್ಕೆ ಇಂಗ್ಲಿಷ್ ಎಂ.ಎ. ಆದವರೊಬ್ಬರನ್ನು ಒಪ್ಪಿಸಿಯೂ ಆಗಿದೆ. ಅವರು ಕನ್ನಡದಲ್ಲೊಂದು ಕಾದಂಬರಿ ಶುರುಮಾಡಿದ್ದಾರಂತೆ, ಅದು ಮುಗಿಯಲಿ ಎನ್ನುತ್ತಿದ್ದಾರೆ.